ಸವಿತಾ ತೀರಿಕೊಂಡಿದ್ದಕ್ಕೇ ಐರ್ಲೆಂಡಿನ ಕಾನೂನು ಬದಲಾಯಿತೇ? ಅಲ್ಲಿದ್ದು ನೋಡಿದವರು ಯಾರಾದರೂ ಹೇಳಿ

ಮಲಪ್ರಭೆ ದಂಡೆಯವಳು, ಬೈಲಹೊಂಗಲ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮೂರ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವ ಕೆಲಸವೂ ನನ್ನ ಪಾಲಿಗೇ ಬಂದಿದೆ. ಹೋದ ತಿಂಗಳ ಸಭೆಯಲ್ಲಿ ಲೆಕ್ಕ ಓದಲು ಆಗಲೇ ಇಲ್ಲ. ಸಂಘದ ಒಬ್ಬ ಸದಸ್ಯೆ ಮೂರು ವಾರಗಳ ನಂತರ ಸಭೆಗೆ ಬಂದಿದ್ದಳು, ಗೋಡೆಗೆ ಒರಗಿ ಕುಳಿತಿದ್ದಳು. ಏನಾಯಿತೆಂದು ಕೇಳಿದ್ದಕ್ಕೆ ಎಲ್ಲವೂ ಹೊರಬಂತು.

ಆಕೆಗೆ ಇಬ್ಬರು ಮಕ್ಕಳು. ಮುಟ್ಟು ನಿಂತು ಎರಡು ತಿಂಗಳಾಗಿತ್ತು. ಮೂರನೆಯದು ಬೇಡವೆಂದು ಸರ್ಕಾರಿ ಆಸ್ಪತ್ರೆಗೆ ಹೋದಳು. ಯಾವ ಆಸ್ಪತ್ರೆ ಎಂದು ಇಲ್ಲಿ ಬರೆಯುವುದಿಲ್ಲ. ‘ಗಂಡನ ಸಹಿ ತೆಗೆದುಕೊಂಡು ಬಾ’ ಎಂದು ವಾಪಸು ಕಳಿಸಿದರು. ಗಂಡ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಕೊಲ್ಹಾಪುರದ ಕಡೆ ಹೋಗಿದ್ದ. ಎರಡನೆಯ ಸಲ ಹೋದಾಗಲೂ ಅದೇ ಮಾತು. ಕೊನೆಗೆ ಯಾರದೋ ಕೈಯಿಂದ ಔಷಧ ಅಂಗಡಿಯ ಗುಳಿಗೆ ತರಿಸಿಕೊಂಡು ನುಂಗಿದಳು. ಎಂಟು ದಿನ ರಕ್ತ ನಿಲ್ಲಲಿಲ್ಲ. ಎರಡು ಬಾಟಲಿ ರಕ್ತ ಏರಿಸಿದ ಮೇಲೆ ಉಳಿದಳು.

ಸಭೆಯಲ್ಲಿ ಎಲ್ಲರಿಗೂ ಸಿಟ್ಟು ಬಂತು. ಏನು ಮಾಡಬೇಕೆಂದು ಮಾತ್ರ ಯಾರಿಗೂ ತೋಚಲಿಲ್ಲ. ಆಗ ನಮ್ಮ ಆಶಾ ಕಾರ್ಯಕರ್ತೆ, ‘ಬೆಳಗಾವಿಯ ಹುಡುಗಿಯೊಬ್ಬಳು ಪರದೇಶದಲ್ಲಿ ತೀರಿಕೊಂಡಳು, ಆ ದೇಶ ಕಾನೂನನ್ನೇ ಬದಲಿಸಿತು’ ಎಂದಳು. ತಕ್ಷಣ ಒಬ್ಬ ಅಜ್ಜಿ ಕೇಳಿದರು: ‘ಅಂದರೆ ನಮ್ಮಲ್ಲೂ ಯಾರಾದರೂ ಒಬ್ಬಳು ಸಾಯಬೇಕೇನು?’

ನನ್ನ ಬಳಿ ಉತ್ತರವಿರಲಿಲ್ಲ. ಸವಿತಾ ಹಾಲಪ್ಪನವರ ಅವರ ವಿಷಯವನ್ನು ಆಗ ಪತ್ರಿಕೆಯಲ್ಲಿ ಓದಿದ್ದು ನೆನಪಿದೆ, ಅಷ್ಟೆ. ಸಾಮಾನ್ಯ ಹೆಂಗಸರು ಅಲ್ಲಿ ನಿಜವಾಗಿ ಏನು ಮಾಡಿದರು? ನಮ್ಮಂಥ ಹದಿನೈದಿಪ್ಪತ್ತು ಜನ ಅದರಿಂದ ಕಲಿಯುವುದು ಏನಾದರೂ ಇದೆಯೇ?


ನಿವೃತ್ತ ಗುಮಾಸ್ತ, ಬಾಗಲಕೋಟೆ

ಸಹೋದರಿ, ಆ ಹೆಣ್ಣುಮಗಳ ಕಷ್ಟ ಓದಿ ಬೇಸರವಾಯಿತು. ಆದರೆ ಐರ್ಲೆಂಡಿನ ಕಥೆ ನಮಗೇಕೆ? ಅದು ಕ್ಯಾಥೊಲಿಕರ ದೇಶ, ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನೇ ಅವರಿಗೆ ಇರಲಿಲ್ಲ. ನಮ್ಮಲ್ಲಿ 1971ರಲ್ಲೇ ಗರ್ಭಪಾತದ ಕಾಯ್ದೆ ಆಗಿದೆ, ಐವತ್ತು ವರ್ಷ ದಾಟಿದೆ. ನಮ್ಮಲ್ಲಿ ಕೊರತೆ ಇರುವುದು ಕಾನೂನಿಗಲ್ಲ, ಕೆಲಸ ಮಾಡುವವರಿಗೆ. ಮೂವತ್ತನಾಲ್ಕು ವರ್ಷ ಸರ್ಕಾರಿ ಕಚೇರಿಯಲ್ಲಿ ಕುಳಿತು ಬಂದವನು ಹೇಳುತ್ತಿದ್ದೇನೆ: ಕೌಂಟರಿನ ಆಚೆ ಇರುವವನಿಗೆ ‘ಇನ್ನೊಂದು ಸಹಿ ತನ್ನಿ’ ಎನ್ನುವುದು ಅತ್ಯಂತ ಸುಲಭದ ಮಾತು. ಅದರಿಂದ ಅವನ ತಲೆಯ ಮೇಲೆ ಏನೂ ಬರುವುದಿಲ್ಲ. ಮೆರವಣಿಗೆಯಿಂದ ಇದು ಸರಿಹೋಗುವುದಿಲ್ಲ. ಮೇಲಧಿಕಾರಿಗೆ ಬರೆಯಿರಿ.


ಗದಗಿನ ನರ್ಸ್, ರಾಸ್ಕಾಮನ್

ತಂಗಿ, ನಾನು ಗದಗಿನವಳು. 2009ರಿಂದ ಐರ್ಲೆಂಡಿನಲ್ಲಿದ್ದೇನೆ. ರಾಸ್ಕಾಮನ್ ಜಿಲ್ಲೆಯ ಸಣ್ಣ ಪಟ್ಟಣವೊಂದರ ವೃದ್ಧರ ಆರೈಕೆ ಕೇಂದ್ರದಲ್ಲಿ ನರ್ಸ್. ಗರ್ಭಪಾತದ ನಿಷೇಧ ತೆಗೆಯಬೇಕೇ ಎಂಬ 2018ರ ಜನಮತಗಣನೆಯ ಪ್ರಚಾರದಲ್ಲಿ ಎರಡು ತಿಂಗಳು ಮನೆ ಮನೆ ತಿರುಗಿದವಳು. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಆ ಅಜ್ಜಿಯ ಪ್ರಶ್ನೆ. ಇಲ್ಲ, ಯಾರೂ ಸಾಯಬೇಕಿಲ್ಲ. ಇನ್ನೂ ಖಾರವಾಗಿ ಹೇಳುತ್ತೇನೆ: ಸಾವಿನಿಂದ ಇಲ್ಲಿ ಬಂದ ಕಾನೂನು ಬಹಳ ಕೆಟ್ಟದ್ದಾಗಿತ್ತು. ಒಳ್ಳೆಯ ಕಾನೂನು ಬಂದದ್ದು ಕೆಲಸದಿಂದ.

ಸವಿತಾ ಹಲ್ಲಿನ ವೈದ್ಯೆ. ವಯಸ್ಸು 31, ಹದಿನೇಳು ವಾರಗಳ ಗರ್ಭಿಣಿ. 2012ರ ಅಕ್ಟೋಬರ್ 21ರಂದು ಗಾಲ್ವೇಯ ಆಸ್ಪತ್ರೆ ಸೇರಿದರು. ಗರ್ಭ ಉಳಿಯುವುದಿಲ್ಲವೆಂದು ವೈದ್ಯರಿಗೆ ಗೊತ್ತಿತ್ತು. ನೀರು ಒಡೆದಿತ್ತು. ಗರ್ಭ ತೆಗೆಯಿರಿ ಎಂದು ಅವರೇ ಕೇಳಿದರು. ಭ್ರೂಣದ ಎದೆಬಡಿತ ಇನ್ನೂ ಇದೆ, ಕಾನೂನು ಬಿಡುವುದಿಲ್ಲ ಎಂಬ ಉತ್ತರ ಬಂತು. ಎದೆಬಡಿತ ನಿಲ್ಲುವ ಹೊತ್ತಿಗೆ ರಕ್ತಕ್ಕೆ ನಂಜೇರಿತ್ತು. 28ರ ಭಾನುವಾರ ಹೋದರು. ಸೋಮವಾರವೋ ಮಂಗಳವಾರವೋ ಗರ್ಭ ತೆಗೆದಿದ್ದರೆ ಅವರು ಬಹುಶಃ ಬದುಕುತ್ತಿದ್ದರು ಎಂದು ಮರುವರ್ಷದ ಸಾವಿನ ವಿಚಾರಣೆಯಲ್ಲಿ ಹಿರಿಯ ಪ್ರಸೂತಿ ತಜ್ಞ ಪೀಟರ್ ಬಾಯ್ಲನ್ ಸಾಕ್ಷಿ ಹೇಳಿದರು. ಸೋಂಕಿನ ಲಕ್ಷಣಗಳನ್ನು ಗಮನಿಸುವುದರಲ್ಲಿ ತಪ್ಪಾಗಿತ್ತು ಎಂಬುದೂ ತನಿಖೆಗಳಲ್ಲಿ ಬಯಲಾಯಿತು. ನರ್ಸ್ ಆಗಿ ಅದನ್ನು ಮುಚ್ಚಿಡಲಾರೆ. ಆದರೆ ಕಾಯುತ್ತ ಕುಳಿತದ್ದಕ್ಕೆ ಕಾರಣ ಕಾನೂನು.

ನವೆಂಬರ್ 14ರ ಬೆಳಿಗ್ಗೆ ಸುದ್ದಿ ಪತ್ರಿಕೆಯಲ್ಲಿ ಬಂತು. ಆಗ ನನಗೂ ನಾಲ್ಕು ತಿಂಗಳು ತುಂಬಿತ್ತು. ಚಹಾದ ಕೋಣೆಯಲ್ಲಿ ಸಹೋದ್ಯೋಗಿಯೊಬ್ಬಳು ಪತ್ರಿಕೆಯನ್ನು ನನ್ನ ಕಡೆ ತಿರುಗಿಸಿ, ‘ಇವರು ನಿಮ್ಮ ಕಡೆಯವರೇ?’ ಎಂದು ಕೇಳಿದಳು. ರಾತ್ರಿ ಅವ್ವನಿಗೆ ಫೋನ್ ಮಾಡಿದೆ. ಅವ್ವ ಅಂದದ್ದು ಒಂದೇ ಮಾತು: ‘ಬಾಣಂತನಕ್ಕೆ ಊರಿಗೆ ಬಂದುಬಿಡು.’ ಯೂರೋಪಿನಿಂದ ಗದಗಿನ ಹೆರಿಗೆ ಆಸ್ಪತ್ರೆಗೆ ಓಡಿಬರಬೇಕು! ನಗು ಬರಲಿಲ್ಲ. ಬಾಗಲಕೋಟೆಯ ಕಾಕಾ ಹೇಳಿದ 1971ರ ಕಾಯ್ದೆಯಡಿ ಸವಿತಾ ಅವರಿಗೆ ಆ ಆಸ್ಪತ್ರೆಯಲ್ಲಿ ಯಾರೂ ಇಲ್ಲ ಎನ್ನುವಂತಿರಲಿಲ್ಲ.

ಆ ವಾರ ಡಬ್ಲಿನ್ನಿನಲ್ಲಿ, ಗಾಲ್ವೇಯಲ್ಲಿ ಸಾವಿರಾರು ಜನ ಮೇಣದಬತ್ತಿ ಹಿಡಿದು ಬೀದಿಗೆ ಬಂದರು. ನಾನು ಹೋಗಲಿಲ್ಲ. ವೀಸಾದ ಭಯ. ಈಗಲೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಇಷ್ಟು ದೊಡ್ಡ ದುಃಖದಿಂದ ಹೊರಬಂದದ್ದೇನು? 2013ರ ಒಂದು ಕಾಯ್ದೆ. ತಾಯಿಯ ಪ್ರಾಣಕ್ಕೇ ಅಪಾಯವಿದ್ದರೆ ಮಾತ್ರ ಗರ್ಭಪಾತ. ಆರೋಗ್ಯಕ್ಕೆ ಅಪಾಯ ಎಂದರೆ ಸಾಲದು. ಕಾನೂನು ಮೀರಿದರೆ ಹದಿನಾಲ್ಕು ವರ್ಷದವರೆಗೆ ಸೆರೆವಾಸ. ಒಂದು ಸಾವಿಗೆ ರಾಜಕಾರಣಿಗಳು ಕೊಟ್ಟ ಬೆಲೆ ಇಷ್ಟು.

ಅದಕ್ಕಿಂತ ಹೆಚ್ಚು ಕೊಡಲು ಅವರಿಗೆ ಅಡ್ಡ ಬರುತ್ತಿದ್ದದ್ದು ಸಂವಿಧಾನದ ಎಂಟನೆಯ ತಿದ್ದುಪಡಿ. 1983ರ ಜನಮತಗಣನೆಯಲ್ಲಿ ಮೂರರಲ್ಲಿ ಎರಡು ಪಾಲು ಜನ ಒಪ್ಪಿ ಸೇರಿಸಿದ್ದು ಅದು. ಗರ್ಭದಲ್ಲಿರುವ ಜೀವಕ್ಕೂ ತಾಯಿಗೂ ಬದುಕುವ ಹಕ್ಕು ಸಮಾನ ಎನ್ನುತ್ತಿತ್ತು. ಜನರೇ ಹಾಕಿದ ಬೀಗ, ಜನರೇ ತೆಗೆಯಬೇಕಿತ್ತು. ಆಲ್ವಾ ಸ್ಮಿತ್ ಎಂಬ ಅಧ್ಯಾಪಕಿ 1983ರಲ್ಲಿ ಅದರ ವಿರುದ್ಧ ಕೆಲಸ ಮಾಡಿ ಸೋತಿದ್ದರು. ಅದನ್ನು ತೆಗೆಯಲು ‘ಹೌದು’ ಎನ್ನಿ ಎಂದು ಕೇಳಿದ 2018ರ ‘ಟುಗೆದರ್ ಫಾರ್ ಯೆಸ್’ ಪ್ರಚಾರದ ಮೂವರು ಮುಖ್ಯಸ್ಥೆಯರಲ್ಲಿ ಅವರೂ ಒಬ್ಬರು. ನಡುವೆ ಮೂವತ್ತೈದು ವರ್ಷ. ಒಂದೇ ಕೆಲಸವನ್ನು ಅಷ್ಟು ಕಾಲ ಹಿಡಿದವರನ್ನು ನಾನು ನಮ್ಮೂರ ನೇಕಾರರಲ್ಲಿ ಮಾತ್ರ ಕಂಡಿದ್ದೆ.

ಈ ನಡುವಿನ ವರ್ಷಗಳಲ್ಲಿ ನಡೆದದ್ದು ಹೊರಗಿನವರಿಗೆ ಕಾಣದ ಕೆಲಸ. ಹೊಟ್ಟೆಯಲ್ಲಿರುವ ಮಗು ಬದುಕುವುದಿಲ್ಲವೆಂದು ತಿಳಿದ ಮೇಲೆ ಇಂಗ್ಲೆಂಡಿಗೆ ಹೋಗಿಬಂದ ದಂಪತಿಗಳು ತಮ್ಮದೇ ಒಂದು ಗುಂಪು ಕಟ್ಟಿಕೊಂಡರು, ಮುಖ ಮುಚ್ಚಿಕೊಳ್ಳದೆ ಮಾತಾಡಿದರು. 2012ರಿಂದ ಪ್ರತಿ ಸೆಪ್ಟೆಂಬರ್ ಕೊನೆಗೆ ಡಬ್ಲಿನ್ನಿನಲ್ಲಿ ಮೆರವಣಿಗೆ; ಮಳೆ ಬಂದರೂ ಸರಿ. ಸರ್ಕಾರ ನಿರ್ಧರಿಸಲಾರದೆ 99 ಸಾಮಾನ್ಯ ಪ್ರಜೆಗಳನ್ನು ಚೀಟಿ ಎತ್ತಿದಂತೆ ಆರಿಸಿ, ನ್ಯಾಯಮೂರ್ತಿಯೊಬ್ಬರ ಅಧ್ಯಕ್ಷತೆಯಲ್ಲಿ ಸಭೆ ಕೂರಿಸಿತು. ಅವರು ವೈದ್ಯರ ಮಾತು, ವಕೀಲರ ಮಾತು, ಹೋಗಿಬಂದ ಹೆಂಗಸರ ಧ್ವನಿಮುದ್ರಣ ಎಲ್ಲವನ್ನೂ ಕೇಳಿ 2017ರ ಏಪ್ರಿಲ್‌ನಲ್ಲಿ ಮತ ಹಾಕಿದರು. ಅವರ ತೀರ್ಮಾನ ರಾಜಕಾರಣಿಗಳು ಎಣಿಸಿದ್ದಕ್ಕಿಂತ ಎಷ್ಟೋ ಉದಾರವಾಗಿತ್ತು. 2018ರ ಜನವರಿಯಲ್ಲಿ ಗಾಲ್ವೇ ಕಡೆ ನೆಲೆಸಿದ್ದ ಅಮೆರಿಕ ಮೂಲದ ಎರಿನ್ ಡಾರ್ಸಿ ಫೇಸ್‌ಬುಕ್‌ನಲ್ಲಿ ಒಂದು ಪುಟ ತೆರೆದರು. ಒಂದು ಜೊತೆ ಚಪ್ಪಲಿಯ ಚಿತ್ರ, ಕೆಳಗೆ ಹೆಸರಿಲ್ಲದ ಒಬ್ಬ ಹೆಂಗಸಿನ ಅನುಭವ. ಡಾರ್ಸಿಯವರಿಗೆ ಮತದಾನದ ಹಕ್ಕೂ ಇರಲಿಲ್ಲ.

ನನಗೂ ಇರಲಿಲ್ಲ. ನನ್ನ ಪೌರತ್ವದ ಅರ್ಜಿ ಆಗ ಎಲ್ಲೋ ಕಡತದಲ್ಲಿತ್ತು. ಸಂವಿಧಾನದ ಪ್ರಶ್ನೆಗೆ ಇಲ್ಲಿ ಪ್ರಜೆಗಳು ಮಾತ್ರ ಮತ ಹಾಕಬಹುದು. ನನ್ನ ಗಂಡನಿಗೆ ಹಿಂದಿನ ವರ್ಷ ಪೌರತ್ವ ಸಿಕ್ಕಿತ್ತು, ಆದರೆ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಉಸಾಬರಿಗೇ ಅವರು ಹೋಗಿರಲಿಲ್ಲ. ಕೊನೆಯ ದಿನ ಮೇ 8. ಅರ್ಜಿಗೆ ಪೊಲೀಸ್ ಠಾಣೆಯ ಮುದ್ರೆ ಬೇಕಿತ್ತು. ಕೈಹಿಡಿದು ಎಳೆದುಕೊಂಡು ಹೋದೆ.

ನಮ್ಮ ಜಿಲ್ಲೆಗೆ ಒಂದು ಹೆಸರಿತ್ತು. 2015ರಲ್ಲಿ ಸಲಿಂಗ ವಿವಾಹದ ಜನಮತಗಣನೆಯಲ್ಲಿ ಇಡೀ ದೇಶವೇ ‘ಹೌದು’ ಎಂದಾಗ ‘ಇಲ್ಲ’ ಎಂದ ಒಂದೇ ಒಂದು ಕ್ಷೇತ್ರ ನಮ್ಮದು. ಆದ್ದರಿಂದ ಪ್ರಚಾರಕ್ಕೆ ಹೊರಟ ನಮ್ಮ ಹನ್ನೊಂದು ಜನರ ಗುಂಪಿಗೆ ಗೆಲ್ಲುವ ಆಸೆಯೇ ಇರಲಿಲ್ಲ. ಕೆಲಸ ಮುಗಿಸಿ ಸಂಜೆ ಆರಕ್ಕೆ ಹೊರಡುವುದು. ಮೇ ತಿಂಗಳಲ್ಲಿ ಇಲ್ಲಿ ರಾತ್ರಿ ಹತ್ತರವರೆಗೆ ಬೆಳಕು. ಇಬ್ಬಿಬ್ಬರ ಜೋಡಿ, ಕೈಯಲ್ಲಿ ಮನೆ ಸಂಖ್ಯೆಯ ಹಾಳೆ, ಒಂದೊಂದು ಗುರುತು: ಹೌದು, ಇಲ್ಲ, ಇನ್ನೂ ಗೊತ್ತಿಲ್ಲ. ಮೊದಲ ದಿನವೇ ಕಲಿಸಿದ ಪಾಠ: ‘ಇಲ್ಲ’ ಎಂದವರ ಜೊತೆ ವಾದ ಬೇಡ, ಧನ್ಯವಾದ ಹೇಳಿ ಮುಂದಿನ ಮನೆಗೆ ನಡೆಯಿರಿ. ‘ಗೊತ್ತಿಲ್ಲ’ ಎಂದವರ ಬಳಿ ಮಾತ್ರ ನಿಲ್ಲಿ. ನಿಂತ ಮೇಲೆ ನೀವು ಮಾತಾಡಬೇಡಿ, ಅವರು ಮಾತಾಡಲಿ.

ಎರಡನೆಯ ವಾರ ಒಬ್ಬ ಮುದುಕಿ ಬಾಗಿಲು ತೆರೆದರು. ನನ್ನ ಮುಖ ನೋಡಿ, ‘ಆ ಹುಡುಗಿಯ ಸಲುವಾಗಿ ಬಂದೆಯಾ?’ ಎಂದರು. ಹೌದು ಎಂದೆ. ‘ನನ್ನ ತವರು ಗ್ರಾನಾರ್ಡ್’ ಎಂದರು. ಅಷ್ಟೇ. ನನಗೆ ಅರ್ಥವಾಗಲಿಲ್ಲ. ಜೊತೆಗಿದ್ದವಳ ಮುಖ ಬದಲಾಯಿತು. ಆಮೇಲೆ ದಾರಿಯಲ್ಲಿ ಹೇಳಿದಳು: ಗ್ರಾನಾರ್ಡ್ ಪಕ್ಕದ ಲಾಂಗ್‌ಫರ್ಡ್ ಜಿಲ್ಲೆಯ ಊರು. 1984ರ ಜನವರಿ 31ರಂದು, ಎಂಟನೆಯ ತಿದ್ದುಪಡಿಯಾಗಿ ಐದು ತಿಂಗಳೂ ಆಗಿರಲಿಲ್ಲ, ಹದಿನೈದು ವರ್ಷದ ಶಾಲಾ ಹುಡುಗಿ ಆನ್ ಲವೆಟ್ ಆ ಊರ ಮೇರಿ ಮಾತೆಯ ಗುಡಿಯ ಬಳಿ ಒಬ್ಬಳೇ ಹೆತ್ತು, ಮಗುವಿನೊಂದಿಗೆ ತೀರಿಕೊಂಡಳು. ಊರು ಬಾಯಿ ಹೊಲಿದುಕೊಂಡಿತು. ಆ ಮುದುಕಿ ಮೂವತ್ತನಾಲ್ಕು ವರ್ಷದ ನಂತರ ಒಂದು ಊರಿನ ಹೆಸರು ಹೇಳಿ ತಮ್ಮ ಮತ ಏನೆಂದು ತಿಳಿಸಿದ್ದರು.

ಆ ಸಂಜೆ ನನಗೆ ಒಂದು ವಿಷಯ ಹೊಳೆಯಿತು. ಸವಿತಾ ಅವರ ಚಿತ್ರ ಈ ಜನರಿಗೆ ಮಾತಾಡಲು ಒಂದು ನೆಪ ಕೊಟ್ಟಿತ್ತು, ನಿಜ. ಆದರೆ ಮಾತು ಅವರ ಮನೆಯೊಳಗಿನದೇ. 1980ರಿಂದ 2016ರವರೆಗೆ ಐರ್ಲೆಂಡಿನ ವಿಳಾಸ ಕೊಟ್ಟು ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಗರ್ಭಪಾತ ಮಾಡಿಸಿಕೊಂಡವರು ಸುಮಾರು 1.7 ಲಕ್ಷ. ಹೆಚ್ಚು ಕಡಿಮೆ ಪ್ರತಿ ಓಣಿಯಲ್ಲೂ ಹಡಗು ಹತ್ತಿ ಹೋಗಿಬಂದವಳೊಬ್ಬಳು ಇದ್ದಳು. ಅಕ್ಕನಿಗೂ ಹೇಳಿರಲಿಲ್ಲ.

2018ರ ಮೇ 25ರಂದು ಮತದಾನ. ಶೇ. 66.4 ‘ಹೌದು’. 1983ರ ಅಂಕಿ ಅಚ್ಚು ತಲೆಕೆಳಗಾದಂತೆ. ‘ಇಲ್ಲ’ ಎಂದದ್ದು ಡೊನೆಗಾಲ್ ಒಂದೇ. ನಮ್ಮ ರಾಸ್ಕಾಮನ್ ಕಡೆ ಶೇ. 57 ‘ಹೌದು’. ನಮ್ಮ ಹನ್ನೊಂದು ಜನ ಆ ಸಂಖ್ಯೆಯನ್ನು ಮೂರು ಸಲ ಓದಿಸಿಕೊಂಡೆವು.

ನೀವೆಲ್ಲ ಕೇಳುವ ಮೊದಲೇ ಒಂದು ಕಹಿ ಸತ್ಯವನ್ನೂ ಹೇಳಿಬಿಡುತ್ತೇನೆ. ಮತಗಟ್ಟೆಯ ಹೊರಗೆ ನಡೆಸಿದ ಸಮೀಕ್ಷೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ‘ನಾವು ಮೊದಲೇ ನಿರ್ಧರಿಸಿದ್ದೆವು’ ಎಂದರು. ಹಾಗಾದರೆ ನಾವು ಬಾಗಿಲು ತಟ್ಟಿದ್ದು ದಂಡವೇ? ಬಹಳ ದಿನ ಯೋಚಿಸಿದೆ. ಅವರು ಮೊದಲೇ ನಿರ್ಧರಿಸಿದ್ದರು, ಆದರೆ ಪಕ್ಕದ ಮನೆಯವರೂ ಹಾಗೇ ನಿರ್ಧರಿಸಿದ್ದಾರೆ ಎಂಬುದು ಯಾರಿಗೂ ಗೊತ್ತಿರಲಿಲ್ಲ.


ಮಲಪ್ರಭೆ ದಂಡೆಯವಳು

ಅಕ್ಕ, ಎರಡು ಸಲ ಓದಿದೆ. ಇದನ್ನು ಮುಂದಿನ ಸಭೆಯಲ್ಲಿ ಗಟ್ಟಿಯಾಗಿ ಓದುತ್ತೇನೆ, ನಿಮ್ಮ ಒಪ್ಪಿಗೆ ಇದ್ದರೆ. ಎರಡು ಪ್ರಶ್ನೆ. ಕಾನೂನು ಬದಲಾದ ಮೇಲೆ ಅಲ್ಲಿ ಎಲ್ಲ ಸರಿಯಾಯಿತೇ? ಇನ್ನೊಂದು, ಸತ್ತವಳ ಚಿತ್ರವನ್ನು ಪ್ರಚಾರಕ್ಕೆ ಬಳಸಿದ್ದು ಕನ್ನಡದವಳಾಗಿ ನಿಮಗೆ ಹೇಗೆ ಅನಿಸಿತು? ನಮ್ಮ ಸದಸ್ಯೆ ‘ನನ್ನ ಹೆಸರು ಎಲ್ಲೂ ಬರಬಾರದು’ ಎಂದು ಹೇಳಿದ್ದಾಳೆ, ಅದಕ್ಕೆ ಕೇಳಿದೆ.


ಗದಗಿನ ನರ್ಸ್, ರಾಸ್ಕಾಮನ್

ಓದಿ ತಂಗಿ, ಧಾರಾಳವಾಗಿ ಓದಿ.

ಎಲ್ಲ ಸರಿಯಾಗಲಿಲ್ಲ. ಹೊಸ ಕಾಯ್ದೆ 2018ರ ಡಿಸೆಂಬರ್‌ನಲ್ಲಿ ಆಯಿತು, 2019ರ ಜನವರಿ 1ರಿಂದ ಸೇವೆ ಸಿಗತೊಡಗಿತು. ಹನ್ನೆರಡು ವಾರದವರೆಗೆ ಕಾರಣ ಹೇಳಬೇಕಿಲ್ಲ. ಆದರೆ ವೈದ್ಯರನ್ನು ಕಂಡ ಮೇಲೆ ಮೂರು ದಿನ ಕಾಯಲೇಬೇಕು. ರಾಜಕಾರಣಿಗಳ ಮನಸ್ಸಿಗೆ ಸಮಾಧಾನವಾಗಲೆಂದು ಸೇರಿಸಿದ್ದು. ಡಬ್ಲಿನ್ನಿನಲ್ಲಿರುವವಳಿಗೆ ಮೂರು ದಿನ ಏನೂ ಅಲ್ಲ. ನಮ್ಮ ಕಡೆ ಬಸ್ಸೇ ದಿನಕ್ಕೆರಡು. ಕೆಲಸಕ್ಕೆ ಎರಡು ಸಲ ರಜೆ ಕೇಳಬೇಕು, ಎರಡು ಸಲ ಸುಳ್ಳು ಹೇಳಬೇಕು. ವಕೀಲೆ ಮರೀ ಓಶಿಯಾ ನಡೆಸಿದ ಪರಾಮರ್ಶೆ 2023ರಲ್ಲಿ ಈ ಕಡ್ಡಾಯ ಬೇಡ ಎಂದಿತು. ಇನ್ನೂ ಅದರ ಹಿಂದೆಯೇ ಓಡಾಡುತ್ತಿದ್ದಾರೆ. ಆಸ್ಪತ್ರೆ, ಕ್ಲಿನಿಕ್‌ಗಳ ಮುಂದೆ ನಿಂತು ಹೆಂಗಸರನ್ನು ಅಡ್ಡಗಟ್ಟದಂತೆ ನೂರು ಮೀಟರ್ ಅಂತರದ ಕಾನೂನು ಮಾಡಿಸಲು 2024ರವರೆಗೆ ಕಾಯಬೇಕಾಯಿತು.

ಚಿತ್ರದ ವಿಷಯ. ಸವಿತಾ ಅವರ ತಂದೆ ಬೆಳಗಾವಿಯಿಂದಲೇ ‘ಹೌದು’ ಎಂದು ಮತ ಹಾಕಿ ಎಂದು ಇಲ್ಲಿಯ ಜನರನ್ನು ಕೇಳಿಕೊಂಡಿದ್ದರು. ಹಾಗಿದ್ದರೂ ನನಗೆ ಹಿತವಾಗಿರಲಿಲ್ಲ. ಮತದಾನದ ಹೊತ್ತಿಗೆ ಡಬ್ಲಿನ್ನಿನ ಗೋಡೆಯೊಂದರ ಮೇಲೆ ಅವರ ದೊಡ್ಡ ಚಿತ್ರ ಬರೆದಿದ್ದರು. ಜನ ಅದರ ಸುತ್ತ ಸಣ್ಣ ಚೀಟಿಗಳನ್ನು ಅಂಟಿಸಿದ್ದರು, ನೂರಾರು ಚೀಟಿಗಳು, ‘ಕ್ಷಮಿಸು’ ಎಂದು. ಅಲ್ಲಿ ನಿಂತಾಗ ಅನಿಸಿದ್ದು: ಇವರು ಅತ್ತಿದ್ದು ನಿಜ, ಆದರೆ ಈಕೆ ವಲಸೆ ಬಂದವಳು ಎಂಬುದನ್ನು ಮರೆತಿದ್ದಾರೆ. ಇಂಗ್ಲೆಂಡಿಗೆ ಹೋಗಿಬರಲು ವೀಸಾ ಬೇಕಾದವರಿಗೆ ಹಡಗಿನ ದಾರಿಯೂ ಇರಲಿಲ್ಲ. ಇಲ್ಲಿಯ ವಲಸಿಗ ಹೆಂಗಸರ ಗುಂಪೊಂದು ಇದನ್ನೇ ಆಗ ಎತ್ತಿ ಆಡಿತು. ದೊಡ್ಡ ವೇದಿಕೆಯಲ್ಲಿ ಅವರಿಗೆ ಜಾಗ ಸಿಕ್ಕಿದ್ದು ಕಡಿಮೆ.

ಹೆಸರಿನ ಬಗ್ಗೆ ಒಂದು ಮಾತು. ಟಿವಿಯವರು ‘ಹಲಪನವಾರ್’ ಎನ್ನುತ್ತಿದ್ದರು. ನಮ್ಮ ಕಡೆಯ ‘ನವರ’ ಎಂಬುದರಲ್ಲಿ ಒಂದು ಮನೆತನವೇ ಇದೆ, ಮರ್ಯಾದೆ ಇದೆ. ಗೊತ್ತಿಲ್ಲದೆಯೇ ಇಡೀ ದೇಶ ದಿನವೂ ಬೆಳಗಾವಿ ಸೀಮೆಯ ಬಹುವಚನವನ್ನು ಉಚ್ಚರಿಸುತ್ತಿತ್ತು. ಪ್ರಚಾರದ ಕೊನೆಯ ವಾರ ಒಬ್ಬ ದನ ಸಾಕುವ ರೈತ, ಅರವತ್ತು ದಾಟಿದವನು, ಬಾಗಿಲಲ್ಲೇ ನಿಂತು, ‘ಆ ಹೆಸರನ್ನು ಸರಿಯಾಗಿ ಹೇಳುವುದು ಹೇಗೆ?’ ಎಂದು ಕೇಳಿದ. ಹೇಳಿಕೊಟ್ಟೆ. ‘ಪ್ಪ’ ಅವನಿಗೆ ಬರಲೊಲ್ಲದು. ಮೂರು ಸಲ ಹೇಳಿ ನೋಡಿದ. ಮೂರನೆಯ ಸಲ ಸರಿಯಾಯಿತು. ಆಮೇಲೆ ಬಾಗಿಲು ಹಾಕಿಕೊಂಡ. ಹಾಳೆಯಲ್ಲಿ ಯಾವ ಗುರುತು ಹಾಕುವುದೆಂದು ತಿಳಿಯದೆ ಖಾಲಿ ಬಿಟ್ಟೆ.

ನಿಮ್ಮ ಸದಸ್ಯೆಯ ಹೆಸರು ಬೇಡವೇ ಬೇಡ. ಚಪ್ಪಲಿಯ ಚಿತ್ರಗಳಿಗೆ ಹೆಸರಿರಲಿಲ್ಲ, ಆದರೂ ಓದಿದವರಿಗೆ ಯಾರ ಕಥೆ ಎಂದು ಗೊತ್ತಿತ್ತು. ಅದು ಅವರದೇ ಕಥೆಯಾಗಿತ್ತು.

ಕಾಕಾ, ನಿಮ್ಮ ಮಾತಿಗೂ ಉತ್ತರ ಕೊಡಬೇಕು. ಐವತ್ತು ವರ್ಷದ ಕಾನೂನು ಇದ್ದೂ ಬೈಲಹೊಂಗಲದ ಹೆಂಗಸಿಗೆ ಅದರಲ್ಲಿ ಏನಿದೆ ಎಂದು ಗೊತ್ತಿಲ್ಲ. ಇಲ್ಲಿಯ ಮುದುಕಿಯರಿಗೆ ಸಂವಿಧಾನದ ಆ ಸಾಲು ಬಾಯಿಪಾಠ. ಇಲ್ಲಿ ಹೆಂಗಸರು ಹೋಗಿ ತಂದ ಕಾನೂನು, ನಮ್ಮಲ್ಲಿ ದಿಲ್ಲಿಯಿಂದ ಇಳಿದು ಬಂದದ್ದು. ಇಳಿಯುತ್ತ ಇಳಿಯುತ್ತ ಕೌಂಟರಿನ ಬಳಿ ನಿಂತುಬಿಟ್ಟಿದೆ.


ಕರಿ ಕೋಟು, ಧಾರವಾಡ

ನರ್ಸ್ ಮೇಡಂ ಅವರ ಕೊನೆಯ ಮಾತಿಗೆ ಒಂದು ಸಮರ್ಥನೆ. 1971ರ ಕಾಯ್ದೆ ಹೊರಟದ್ದು ಶಾಂತಿಲಾಲ್ ಶಾ ಸಮಿತಿಯ ವರದಿಯಿಂದ. ಕದ್ದು ಮಾಡಿಸಿಕೊಂಡ ಗರ್ಭಪಾತದಿಂದ ಹೆಂಗಸರು ಸಾಯುತ್ತಿದ್ದಾರೆ ಎಂಬುದು ಅದರ ಮುಖ್ಯ ಕಾಳಜಿ. ಒಳ್ಳೆಯದೇ. ಆದರೆ ಕಾಯ್ದೆ ಬರೆದ ರೀತಿ ನೋಡಿ: ಅದು ವೈದ್ಯರಿಗೆ ಶಿಕ್ಷೆಯಿಂದ ರಕ್ಷಣೆ ಕೊಡುತ್ತದೆ. ಹೆಂಗಸು ಬೇಡವೆಂದರೆ ಸಾಲದು, ವೈದ್ಯರ ಅಭಿಪ್ರಾಯ ಬೇಕು.

ಈಗ ಶಿಕ್ಷಕಿಯವರಿಗೆ ಕೆಲಸಕ್ಕೆ ಬರುವ ವಿಷಯ. ಕಾಯ್ದೆಯ 3ನೆಯ ಕಲಮಿನ ಪ್ರಕಾರ ಹದಿನೆಂಟು ತುಂಬಿದ, ಬುದ್ಧಿ ಸ್ವಸ್ಥವಿರುವ ಹೆಂಗಸಿನ ಒಪ್ಪಿಗೆ ಒಂದೇ ಸಾಕು. ಗಂಡ, ಅತ್ತೆ, ತವರು ಯಾರ ಸಹಿಯೂ ಬೇಕಿಲ್ಲ. ಒಪ್ಪಿಗೆಯ ನಮೂನೆ ‘ಸಿ’ ನೋಡಿದರೆ ಅದರಲ್ಲಿ ಗಂಡನ ಸಹಿಗೆ ಜಾಗವೇ ಇಲ್ಲ. ತನ್ನ ಒಪ್ಪಿಗೆ ಇಲ್ಲದೆ ಗರ್ಭಪಾತ ಮಾಡಿಸಿದರು ಎಂದು ಪತ್ನಿಯ ಮೇಲೂ ವೈದ್ಯರ ಮೇಲೂ ಪರಿಹಾರ ಕೇಳಿದ್ದ ಗಂಡನೊಬ್ಬನ ಅರ್ಜಿಯನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ತಳ್ಳಿಹಾಕಿತ್ತು. 2017ರಲ್ಲಿ ಸುಪ್ರೀಂ ಕೋರ್ಟ್ ಕೂಡ ಒಪ್ಪಲಿಲ್ಲ. 2021ರ ತಿದ್ದುಪಡಿಯ ನಂತರ ಇಪ್ಪತ್ತು ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಗರ್ಭನಿರೋಧಕ ವಿಫಲವಾದದ್ದೂ ಒಪ್ಪಿತ ಕಾರಣ. ಮದುವೆ ಆಗಿರಬೇಕು ಎಂಬ ಷರತ್ತು ಹೋಗಿದೆ. 2022ರ ಸೆಪ್ಟೆಂಬರ್ 29ರ ತೀರ್ಪು ಇಪ್ಪತ್ತನಾಲ್ಕು ವಾರದ ಅವಕಾಶವನ್ನು ಅವಿವಾಹಿತೆಯರಿಗೂ ವಿಸ್ತರಿಸಿತು. ಕಾಯ್ದೆಯಡಿ ಗರ್ಭಪಾತ ಮಾಡಿಸಿಕೊಂಡ ಹೆಂಗಸಿನ ಹೆಸರನ್ನು ಬಹಿರಂಗಪಡಿಸಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ವಿಧಿಸಬಹುದು, ಅದನ್ನೂ ನಿಮ್ಮ ಸದಸ್ಯೆಗೆ ತಿಳಿಸಿ.

ಏನು ಮಾಡಬೇಕು? ‘ಗಂಡನ ಸಹಿ ಕೇಳಲು ನಿಮಗೆ ಆಧಾರವಾದ ಆದೇಶ ಯಾವುದು, ಅದರ ಪ್ರತಿ ಕೊಡಿ’ ಎಂದು ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಅಂಥ ಆದೇಶ ಇಲ್ಲ ಎಂದು ಅವರೇ ಬರೆದುಕೊಡಬೇಕಾಗುತ್ತದೆ; ಆ ಕಾಗದವನ್ನು ಜೋಪಾನವಾಗಿಡಿ. ಜೊತೆಗೆ ಸಂಘದ ಹೆಸರಿನಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಗೆ ಒಂದು ಮನವಿ: ‘ಗಂಡನ ಸಹಿ ಬೇಕಿಲ್ಲ’ ಎಂಬ ಫಲಕವನ್ನು ಕನ್ನಡದಲ್ಲಿ ಹಾಕಿಸಿ ಎಂದು. ನೀವು ಸರ್ಕಾರಿ ನೌಕರರಾಗಿದ್ದರೆ ಅರ್ಜಿ ಸಂಘದ ಅಧ್ಯಕ್ಷೆಯ ಹೆಸರಿನಲ್ಲಿ ಹೋಗಲಿ.

ಸಣ್ಣ ಗುಂಪಿನಿಂದ ಏನಾದೀತು ಎನ್ನುವವರಿಗೆ ನಮ್ಮದೇ ಉದಾಹರಣೆ ಇದೆ. 2012ರ ಜನವರಿಯಲ್ಲಿ ಬಿಹಾರದ ಅರರಿಯಾ ಜಿಲ್ಲೆಯ ಶಾಲೆಯೊಂದರಲ್ಲಿ ಒಬ್ಬನೇ ವೈದ್ಯ ಎರಡು ಗಂಟೆಯಲ್ಲಿ 53 ಹೆಂಗಸರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದ. ಮೇಜಿನ ಮೇಲೆ, ಟಾರ್ಚ್ ಬೆಳಕಿನಲ್ಲಿ. ದೇವಿಕಾ ಬಿಸ್ವಾಸ್ ಎಂಬ ಆರೋಗ್ಯ ಕಾರ್ಯಕರ್ತೆ ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. ಮೂರು ವರ್ಷದೊಳಗೆ ಇಂಥ ಶಿಬಿರಗಳನ್ನು ನಿಲ್ಲಿಸಬೇಕೆಂದು 2016ರಲ್ಲಿ ತೀರ್ಪು ಬಂತು.


ನಿವೃತ್ತ ಗುಮಾಸ್ತ, ಬಾಗಲಕೋಟೆ

ವಕೀಲರು ಹೇಳಿದ್ದು ಸರಿ. ಒಂದು ತಿದ್ದುಪಡಿ: ಮನವಿಯ ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಮುದ್ರೆ ಒತ್ತಿಸಿಕೊಳ್ಳದೆ ಟಪಾಲು ಮೇಜು ಬಿಟ್ಟು ಏಳಬೇಡಿ. ಮುದ್ರೆ ಇಲ್ಲದ ಕಾಗದ ಬಂದೇ ಇಲ್ಲ ಎಂದು ಎಷ್ಟು ಸಲ ನಾನೇ ಹೇಳಿದ್ದೇನೋ ಲೆಕ್ಕವಿಲ್ಲ. ನರ್ಸಮ್ಮ, ನಿಮ್ಮ ರೈತನ ಗುರುತು ‘ಹೌದು’ ಎಂದೇ ಹಾಕಬಹುದಿತ್ತು.


ಮಲಪ್ರಭೆ ದಂಡೆಯವಳು

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಸಭೆಯಲ್ಲಿ ಅಕ್ಕನ ಬರಹ ಓದಿದೆ. ಗ್ರಾನಾರ್ಡ್ ಮುದುಕಿಯ ಭಾಗ ಬಂದಾಗ ಯಾರೂ ಉಸಿರೆತ್ತಲಿಲ್ಲ. ಓದಿ ಮುಗಿಸಿದ ಮೇಲೆ ಅದೇ ಅಜ್ಜಿ, ಯಾರಾದರೂ ಸಾಯಬೇಕೇನು ಎಂದು ಕೇಳಿದ್ದವರು, ತಮ್ಮ ನಾದಿನಿಯೊಬ್ಬಳ ಹೆಸರು ಹೇಳಿದರು. ಆಕೆ ಜ್ವರ ಬಂದು ಹೋದಳೆಂದೇ ನಾವೆಲ್ಲ ಇಷ್ಟು ವರ್ಷ ತಿಳಿದಿದ್ದೆವು. ಆಮೇಲೆ ಇನ್ನೂ ಇಬ್ಬರು ಮಾತಾಡಿದರು. ಅದನ್ನು ಇಲ್ಲಿ ಬರೆಯುವುದಿಲ್ಲ.

ಮನವಿಗೆ ಹದಿನೇಳು ಸಹಿ, ಮೂರು ಹೆಬ್ಬೆಟ್ಟು. ನಮ್ಮ ಸದಸ್ಯೆಯೂ ಸಹಿ ಹಾಕಿದಳು. ಎಲ್ಲರ ನಡುವೆ ಹಾಕಿದರೆ ಯಾರೆಂದು ತಿಳಿಯುವುದಿಲ್ಲವಲ್ಲ ಎಂದು ಒಂಬತ್ತನೆಯ ಸಾಲು ಆರಿಸಿಕೊಂಡಳು. ಬೆಳಗಾವಿಗೆ ನಾಲ್ವರು ಬಸ್ಸಿನಲ್ಲಿ ಹೋಗಿದ್ದೆವು. ಟಪಾಲು ಮೇಜಿನವರು ‘ಇಟ್ಟುಹೋಗಿ’ ಎಂದರು. ಕಾಕಾ ಹೇಳಿದಂತೆ ಏಳಲಿಲ್ಲ. ಊಟದ ಹೊತ್ತು ಮೀರಿತು. ಅಧ್ಯಕ್ಷೆ ಬುತ್ತಿ ಬಿಚ್ಚಿ ರೊಟ್ಟಿ ಹಂಚತೊಡಗಿದಾಗ ಮುದ್ರೆ ಬಿತ್ತು.

ಮಾಹಿತಿ ಹಕ್ಕಿನ ಅರ್ಜಿ 112 ಪದ ಆಯಿತು. ಇವತ್ತಿಗೆ ಹನ್ನೊಂದು ದಿನ.